ಐಡಿ ಬ್ಲಾಕ್ ಆಗಿದೆ, ಕಾರಣ ಯಾರನ್ನು ಕೇಳಲಿ?

ಪ್ರಶ್ನೆ: ಸರ್, ನಾನು ಇಂಡಿ ತಾಲ್ಲೂಕಿನವನು. ಪುಣೆಯ ಹಡಪ್ಸರದಲ್ಲಿ ಫುಡ್ ಡೆಲಿವರಿ ಮಾಡುತ್ತೇನೆ. ಹೋದ ವಾರ ಇದ್ದಕ್ಕಿದ್ದಂತೆ ಐಡಿ ಬ್ಲಾಕ್ ಆಯಿತು. ಚಾಟ್‌ನಲ್ಲಿ ಕೇಳಿದರೆ ‘ನಿಯಮ ಮುರಿದಿದ್ದೀರಿ’ ಅಂತ ಒಂದೇ ಉತ್ತರ. ಆ ವಾರದ ದುಡ್ಡೂ ಬಂದಿಲ್ಲ. ಕರ್ನಾಟಕದಲ್ಲಿ ನಮ್ಮಂಥ ಆ್ಯಪ್ ಕೆಲಸಗಾರರಿಗೆ ಹೊಸ ಕಾನೂನು ಬಂದಿದೆಯಂತೆ. ಅದು ನನಗೆ ಅನ್ವಯಿಸುತ್ತದಾ?

ಉತ್ತರ: ಇಲ್ಲ. 2025ರ ಆ ಕಾಯ್ದೆ ಕರ್ನಾಟಕದೊಳಗಿನ ಕೆಲಸಕ್ಕೆ ಮಾತ್ರ. ನಿಮ್ಮ ಆಧಾರ್ ಇಂಡಿಯದ್ದಿರಬಹುದು, ಗಾಡಿ ಓಡಿದ್ದು ಪುಣೆಯಲ್ಲಿ ಅಲ್ವಾ? ಕರ್ನಾಟಕದ ಆ ಕಾಯ್ದೆಯಲ್ಲಿ ಕೆಲಸದಿಂದ ತೆಗೆಯುವ ಮೊದಲು ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು ಅಂತಿದೆ. ಇಡೀ ದೇಶಕ್ಕೆ ಇರುವುದು 2020ರ ಸಾಮಾಜಿಕ ಭದ್ರತಾ ಸಂಹಿತೆ. ಅದು 2025ರ ನವೆಂಬರ್ 21ರಂದು ಜಾರಿಗೆ ಬಂತು. ಇಂಥ ಆ್ಯಪ್ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟನ್ನು ಕಾರ್ಮಿಕರ ನಿಧಿಗೆ ಕಟ್ಟಬೇಕು ಅನ್ನುತ್ತದೆ. ಐಡಿ ಬ್ಲಾಕ್ ಆದವರಿಗೆ ಅದರಲ್ಲಿ ಆಸರೆ ಇಲ್ಲ. ಆದರೂ ಕೇಂದ್ರ ಸರ್ಕಾರದ ಕಾರ್ಮಿಕರ ನೋಂದಣಿ ಪೋರ್ಟಲ್ ಇ-ಶ್ರಮ್‌ನಲ್ಲಿ ಹೆಸರು ಬರೆಸಿಡಿ, ಮುಂದಿನ ಸವಲತ್ತಿಗೆ ಬೇಕಾಗುತ್ತದೆ.

ಈಗ ನಿಮ್ಮ ಕೈಯಲ್ಲಿರುವುದು ದಾಖಲೆ. ಆ್ಯಪ್ ಇನ್ನೂ ತೆರೆಯುತ್ತಿದ್ದರೆ ಇವತ್ತೇ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ: ಆರ್ಡರ್‌ಗಳು, ರೇಟಿಂಗ್, ಪೇಔಟ್, ಚಾಟ್. ಆ್ಯಪ್‌ಗೆ ಕಾಣುವುದು ಹೆಚ್ಚಾಗಿ ಸಮಯ ಮತ್ತು ಜಿಪಿಎಸ್ ಚುಕ್ಕಿ. ಸೊಸೈಟಿಯ ವಾಚ್‌ಮನ್ ಬೈಕ್ ಒಳಗೆ ಬಿಡದೆ ನೀವು ನಡೆದು ಹೋಗಿದ್ದು, ಹೋಟೆಲ್‌ನವರು ತಡ ಮಾಡಿದ್ದು ಅದಕ್ಕೆ ಗೊತ್ತಾಗದೇ ಇರಬಹುದು. ‘ಊಟ ಬಂದಿಲ್ಲ’ ಅಂತ ಗ್ರಾಹಕರು ಒತ್ತಿದ್ದು ಮಾತ್ರ ಖಂಡಿತ ಗೊತ್ತಾಗುತ್ತದೆ. ಹಾಗಾಗಿ ಅಂಥ ದಿನಗಳಲ್ಲಿ ನೀವು ಹೋಟೆಲ್‌ಗೆ, ಗ್ರಾಹಕರಿಗೆ ಮಾಡಿದ ಕರೆಗಳ ಪಟ್ಟಿಯನ್ನೂ ಇಟ್ಟುಕೊಳ್ಳಿ.

ಚಾಟ್‌ನಲ್ಲಿ ಸುಮ್ನೆ ವಾದ ಮಾಡಬೇಡಿ. ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಕಳಿಸಿ. ಯಾವ ಆರ್ಡರ್, ಯಾವ ನಿಯಮ, ಈ ತೀರ್ಮಾನವನ್ನು ಮನುಷ್ಯರು ಯಾರಾದರೂ ನೋಡಿದ್ದಾರಾ ಅಂತ ಕೇಳಿ. ಕೊನೆಯ ಪ್ರಶ್ನೆ ಬಿಡಬೇಡಿ. 2023ರಲ್ಲಿ ಆಮ್‌ಸ್ಟರ್‌ಡಾಮ್‌ನ ಮೇಲ್ಮನವಿ ನ್ಯಾಯಾಲಯದಲ್ಲಿ, ಐಡಿ ಕಳೆದುಕೊಂಡ ಊಬರ್ ಚಾಲಕರ ಕೇಸ್ ಇದರ ಮೇಲೇ ನಿಂತಿತ್ತು. ಆ ತೀರ್ಮಾನಗಳಲ್ಲಿ ಊಬರ್ ಸಿಬ್ಬಂದಿಯ ಪಾತ್ರ ಹೆಸರಿಗಷ್ಟೇ ಅಂತ ನ್ಯಾಯಾಲಯ ಹೇಳಿತು. ಅದು ಯುರೋಪಿನ ಕಾನೂನು, ಇಲ್ಲಿ ನಡೆಯುವುದಿಲ್ಲ. ಆದರೆ ಲಿಖಿತ ಉತ್ತರ ಬಂದರೆ ಅದೇ ನಿಮಗೆ ಸಾಕ್ಷಿ.

ಬಾಕಿ ದುಡ್ಡಿಗೆ ಬೇರೆ ಇಮೇಲ್ ಹಾಕಿ. ಬ್ಲಾಕ್ ಮಾಡಿದ್ದು ಒಂದು ವಿಷಯ, ದುಡಿದ ದುಡ್ಡು ಇನ್ನೊಂದು. ಎರಡನ್ನೂ ಸೇರಿಸಿ ಬರೆದರೆ ಎರಡೂ ಅಲ್ಲೇ ಕೂರುತ್ತವೆ. ನನ್ನ ಪ್ರಕಾರ ನಿಮಗೆ ಬೇಗ ಸಿಗಬಹುದಾದದ್ದು ಈ ದುಡ್ಡೇ.

ಉತ್ತರ ಬಾರದಿದ್ದರೆ ಪುಣೆಯ ಶಿವಾಜಿನಗರ ಕೋರ್ಟ್‌ನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಆದಾಯ ಮಿತಿಯೊಳಗಿದ್ದರೆ ವಕೀಲರು ಉಚಿತ. ಒಂದು ಮಾತು: ನಿಮ್ಮ ಐಡಿಯಲ್ಲಿ ತಮ್ಮನೋ ರೂಮ್‌ಮೇಟೋ ಗಾಡಿ ಓಡಿಸಿದ್ದರೆ ವಕೀಲರಿಗೆ ಮೊದಲೇ ಹೇಳಿಬಿಡಿ. ಸೆಲ್ಫಿ ತಪಾಸಣೆಯಲ್ಲಿ ಅದು ಸಿಕ್ಕಿಬಿದ್ದಿದ್ದರೆ ಕೇಸ್ ಬಹಳ ದುರ್ಬಲವಾಗುತ್ತದೆ.