ಮನಸ್ಸು ಕದಡುವ ಚಿತ್ರಗಳು

ಸಕಲೇಶಪುರದ ನಿವೃತ್ತ ಮೇಷ್ಟ್ರೊಬ್ಬರು ಬರೆಯುತ್ತಾರೆ (ಹೆಸರು ಹಾಕಬೇಡಿ ಎಂದಿದ್ದಾರೆ): "2025ರ ಜುಲೈನಲ್ಲಿ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ, ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಆರ್ಮರಿಯಲ್ಲಿ ಡಿಯಾನ್ ಆರ್ಬಸ್ ಎಂಬಾಕೆಯ ಕಪ್ಪು-ಬಿಳುಪು ಫೋಟೋಗಳ ಪ್ರದರ್ಶನಕ್ಕೆ ಅಳಿಯಂದಿರು ಕರೆದುಕೊಂಡು ಹೋದರು. ಕುಳ್ಳರು, ದೈತ್ಯದೇಹಿ, ಮುಖವಾಡ ತೊಟ್ಟ ಬುದ್ಧಿಮಾಂದ್ಯರು. ಅವರ ಒಪ್ಪಿಗೆಯನ್ನು ಯಾರು ಕೇಳಿದರು? ಆ ರಾತ್ರಿ ನಿದ್ದೆ ಬರಲಿಲ್ಲ. ಕಲೆ ಮನಸ್ಸನ್ನು ಅರಳಿಸಬೇಕಲ್ಲವೇ? ನಮ್ಮ ಹುಡುಗರು ತೆಗೆಯುವ ಬಿಸಿಲೆ, ಮುಳ್ಳಯ್ಯನಗಿರಿಯ ಫೋಟೋಗಳನ್ನು ನೀವು ಯಾಕೆ ಹೆಚ್ಚು ಹಾಕಬಾರದು?"

ಉತ್ತರ: ಮೇಷ್ಟ್ರೇ, ನಿದ್ದೆ ಬರಲಿಲ್ಲ ಎಂದಿರಲ್ಲ, ಆ ಒಂದು ಸಾಲಿಗಾಗಿಯೇ ನಿಮ್ಮ ಕಾಗದವನ್ನು ಎತ್ತಿಕೊಂಡೆ. ಅಲ್ಲಿದ್ದದ್ದು 454 ಚಿತ್ರಗಳು. ಇಸವಿಯ ಕ್ರಮವಿಲ್ಲ, ವಿಷಯದ ಕ್ರಮವಿಲ್ಲ, ಎಲ್ಲವನ್ನೂ ಲೋಹದ ಚೌಕಟ್ಟುಗಳಿಗೆ ತೂಗುಹಾಕಿದ್ದರು. ಅಷ್ಟರ ನಡುವೆಯೂ ಹಲವು ಚಿತ್ರಗಳನ್ನು ನೀವು ಎರಡು ಪುಟದಲ್ಲಿ ಒಂದೊಂದಾಗಿ ಬಿಡಿಸಿ ಬರೆದಿದ್ದೀರಿ. ಮುಳ್ಳಯ್ಯನಗಿರಿಯ ಯಾವ ಫೋಟೋ ನಿಮಗೆ ಹೀಗೆ ನೆನಪಿದೆ, ಹೇಳಿ.

ನಿಮ್ಮ ತಕರಾರಿನಲ್ಲಿ ಹುರುಳಿಲ್ಲ ಎನ್ನಲಾರೆ. ಈಕೆಗೆ ತಾನು ತೆಗೆದವರ ಮೇಲೆ ಕನಿಕರವಿಲ್ಲ ಎಂದು ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1970ರ ದಶಕದಲ್ಲೇ ಬರೆದರು. ಸೆಂಟ್ರಲ್ ಪಾರ್ಕಿನಲ್ಲಿ ಆಟಿಕೆಯ ಗ್ರೆನೇಡ್ ಹಿಡಿದ ಹುಡುಗನ 1962ರ ಚಿತ್ರವನ್ನೇ ನೋಡಿ: ಆ ರೋಲಿನ ಉಳಿದ ಚಿತ್ರಗಳಲ್ಲಿ ಹುಡುಗ ಎಲ್ಲ ಮಕ್ಕಳಂತೆಯೇ ಇದ್ದಾನೆ. ಮುಖ ಕಿವುಚಿದ ಒಂದನ್ನೇ ಆಕೆ ಆರಿಸಿದರು. ಇನ್ನು ಆ ಬುದ್ಧಿಮಾಂದ್ಯರ ಒಪ್ಪಿಗೆಯನ್ನು ಯಾರು ಕೇಳಿದರು ಎಂಬ ನಿಮ್ಮ ಪ್ರಶ್ನೆಯೂ ನ್ಯಾಯವಾದದ್ದೇ.

ಆದರೆ ಚೆಂದದ ಚಿತ್ರ ತೆಗೆಯಲು ಬಾರದೆ ಈ ದಾರಿ ಹಿಡಿದವರಲ್ಲ ಆರ್ಬಸ್. ತವರಿನವರಿಗೆ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ದೊಡ್ಡ ಬಟ್ಟೆ ಅಂಗಡಿಯಿತ್ತು. ಗಂಡನ ಜೊತೆ ಸೇರಿ ವರ್ಷಗಟ್ಟಲೆ ಫ್ಯಾಷನ್ ಪತ್ರಿಕೆಗಳಿಗೆ ಚಿತ್ರ ತೆಗೆದು, 1956ರಲ್ಲಿ ಅದನ್ನು ಬಿಟ್ಟು ಬೀದಿಗಿಳಿದರು. ನೀವು ಹೇಳುವ ಆ ದೈತ್ಯದೇಹಿಯೊಂದಿಗೆ ಆಕೆಗೆ ಸುಮಾರು ಹತ್ತು ವರ್ಷದ ಪರಿಚಯ. ಆ ಚಿತ್ರ 1970ರದು. ಬ್ರಾಂಕ್ಸ್‌ನ ಸಾಮಾನ್ಯ ಮನೆಯೊಂದರ ಕೋಣೆ. ಮಗ ಊರುಗೋಲು ಹಿಡಿದು, ತಲೆ ಸೂರಿಗೆ ತಾಗೀತೆಂಬಂತೆ ಬಗ್ಗಿ ನಿಂತಿದ್ದಾನೆ. ಅಪ್ಪ, ಅಮ್ಮ ಅವನ ಮುಂದೆ ತೀರಾ ಕುಳ್ಳಗೆ ಕಾಣುತ್ತಾರೆ. ನೀವು ಮಗನನ್ನೇ ನೋಡಿ ಬಂದಿದ್ದೀರಿ, ಮೇಷ್ಟ್ರೇ. ನೋಡಬೇಕಾದದ್ದು ಕತ್ತೆತ್ತಿ ನಿಂತ ಆ ತಾಯಿಯನ್ನು. ಈ ಮಗ ನನ್ನ ಹೊಟ್ಟೆಯಲ್ಲೇ ಹುಟ್ಟಿದನೇ ಎಂಬ ದಿಗಿಲು ಅವಳ ಮುಖದಲ್ಲಿ ಹಾಗೇ ನಿಂತುಬಿಟ್ಟಿದೆ. ಕಾಯಿಲೆಯ ಮಗುವನ್ನು ಸಾಕಿದ ತಾಯಂದಿರಲ್ಲಿ ಆ ಮುಖವನ್ನು ನಮ್ಮೂರಿನಲ್ಲೂ ಕಂಡಿದ್ದೇನೆ. ಕನಿಕರವಿಲ್ಲದ ಕಣ್ಣಿಗೆ ಅದು ಸಿಗುವುದಿಲ್ಲ.

1960ರ ದಶಕದಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಮ್ಮಿನಲ್ಲಿ ಇವರ ಚಿತ್ರ ತೂಗುಹಾಕಿದಾಗ ಜನ ಉಗಿದು ಹೋಗುತ್ತಿದ್ದರಂತೆ. ಬೆಳಿಗ್ಗೆ ಬಂದು ಒರೆಸುವುದು ಅಲ್ಲಿನ ಸಿಬ್ಬಂದಿಯ ಕೆಲಸವಾಗಿತ್ತಂತೆ. 1971ರಲ್ಲಿ ಆಕೆ ಜೀವ ಕಳೆದುಕೊಂಡರು. ಮರುವರ್ಷ ಅದೇ ಮ್ಯೂಸಿಯಮ್ಮಿನಲ್ಲಿ ಆದ ಪ್ರದರ್ಶನಕ್ಕೆ ಜನ ಸಾಲುಗಟ್ಟಿ ಬಂದರು.

ಕಲೆ ಅರಳಿಸಬೇಕು, ಅಷ್ಟೇ ಮಾಡಬೇಕು ಎಂಬ ಕಟ್ಟಳೆಯನ್ನು ನಮಗೆ ಯಾರು ಕಲಿಸಿದರೋ ಕಾಣೆ. ಈ ಸೀಮೆಯ ಹಿರಿಯರಂತೂ ಅಲ್ಲ. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಭೈರವನ ಬಳಿ ಪಕ್ಕೆಲುಬು ಎಣಿಸುವಂತಿರುವ ಬೇತಾಳಗಳನ್ನು ಕೆತ್ತಿದವರು ಹೊಯ್ಸಳರ ಶಿಲ್ಪಿಗಳೇ. ಹಬ್ಬದಲ್ಲಿ ದೊಡ್ಡ ಮುಖವಾಡದ ಸೋಮ ಕುಣಿಯುತ್ತಾ ಬಂದಾಗ, ಅಗಲ ಕಣ್ಣಿನ ಆ ಕೆಂಪು ಮುಖ ಕಂಡು ಅಮ್ಮನ ಸೆರಗು ಹಿಡಿಯದ ಮಗುವಿಲ್ಲ. ಹಾಗೆಂದು ಸೋಮನನ್ನು ನಗುಮುಖ ಮಾಡಿ ಎಂದು ಯಾವ ಊರೂ ಕೇಳಲಿಲ್ಲ. ನಮ್ಮ ನಡುಮನೆಯಲ್ಲಿ ಮುತ್ತಜ್ಜನ ಫೋಟೋ ಇತ್ತು: ತೀರಿಕೊಂಡ ದಿನ ಕುರ್ಚಿಯಲ್ಲಿ ಕೂರಿಸಿ, ವಿಭೂತಿ ಬಳಿದು, ಮಕ್ಕಳು ಮೊಮ್ಮಕ್ಕಳನ್ನೆಲ್ಲ ಸುತ್ತ ನಿಲ್ಲಿಸಿ ತೆಗೆಸಿದ್ದು. ಆಗಿನ ಕ್ಯಾಮೆರಾದ ಮುಂದೆ ಅಲುಗಾಡಿದವರ ಮುಖವೆಲ್ಲ ಮಸುಕಾಗಿ, ಸತ್ತ ಅಜ್ಜನ ಮುಖ ಮಾತ್ರ ಗೆರೆ ಗೆರೆಯೂ ಕಾಣುವಂತೆ ಬಂದಿತ್ತು. ಅದರ ಕೆಳಗೇ ಕೂತು ಊಟ ಮಾಡಿ ಬೆಳೆದೆವು. ಮನೆ ರಿಪೇರಿಯಾದಾಗ, ಬಂದವರಿಗೆ ಮುಜುಗರ ಎಂದು ಅದನ್ನು ಅಟ್ಟಕ್ಕೆ ಹಾಕಿದರು. ಆ ಜಾಗದಲ್ಲೀಗ ಜಲಪಾತದ ಚಿತ್ರವಿದೆ.

ನನ್ನ ಸಂಕಟ ಇರುವುದೇ ಇಲ್ಲಿ. ಮೊನ್ನೆ ಜಿಲ್ಲೆಯ ಫೋಟೋ ಸ್ಪರ್ಧೆಯೊಂದಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಮಂಜು, ಕಾಫಿ ಹೂವು, ಮತ್ತೆ ಮಂಜು. ತೋಟದ ಕೂಲಿಯವರ ಲೈನ್ ಮನೆಯೊಳಗಿನ ಒಂದು ಮುಖವಿಲ್ಲ. ಆನೆ ತುಳಿದು ಯಜಮಾನನನ್ನು ಕಳೆದುಕೊಂಡ ಆಲೂರು, ಸಕಲೇಶಪುರದ ಕಡೆಯ ಒಂದು ಮನೆಯಿಲ್ಲ. ಹೇಮಾವತಿಯ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಪಾಳು ಚರ್ಚ್ ಮಾತ್ರ ಬೇಕಾದಷ್ಟಿತ್ತು, ಅದರ ಮುಂದೆ ಮದುವೆಗೆ ಮುಂಚಿನ ಜೋಡಿಗಳೂ ಇದ್ದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಕಟ್ಟಿದಾಗ ಹೊಲ ಮನೆ ಬಿಟ್ಟು ಎದ್ದು ಹೋದ ಜನ ಇದೇ ಜಿಲ್ಲೆಯಲ್ಲಿ ಇನ್ನೂ ಬದುಕಿದ್ದಾರೆ. ಅವರಿಗೆ ಈಗ ವಯಸ್ಸಾಗಿದೆ. ಆ ಗೋಡೆಗಳನ್ನು ಸಾವಿರ ಸಲ ತೆಗೆದವರು, ಆ ಮುಖಗಳನ್ನು ಒಂದು ಸಲವೂ ತೆಗೆಯಲಿಲ್ಲ.

ಇದಕ್ಕೆಲ್ಲ ನ್ಯೂಯಾರ್ಕ್ ಬೇಕೆಂದು ನಮ್ಮ ಹುಡುಗರು ನೆಪ ಹೇಳಬಾರದು. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ರಾಲ್ಫ್ ಯೂಜೀನ್ ಮೀಟ್ಯಾರ್ಡ್ ಎಂಬವರು ಹೊಟ್ಟೆಪಾಡಿಗೆ ಕನ್ನಡಕ ಮಾಡುತ್ತಿದ್ದರು. ರಜೆಯ ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಪಾಳುಬಿದ್ದ ಹಳ್ಳಿಮನೆಗಳಿಗೆ ಹೋಗಿ, ಅಂಗಡಿಯ ಅಗ್ಗದ ಮುಖವಾಡ ತೊಡಿಸಿ ಚಿತ್ರ ತೆಗೆಯುತ್ತಿದ್ದರು. 1972ರಲ್ಲಿ ತೀರಿಹೋದ ಅವರ ಆ ಚಿತ್ರಗಳನ್ನು ಇವತ್ತಿಗೂ ಜನ ಮೈ ಜುಮ್ಮೆನ್ನುತ್ತಾ ನೋಡುತ್ತಾರೆ. ಪಾಳುಮನೆ ನಮ್ಮ ಮಲೆನಾಡಿನಲ್ಲಿ ಕಡಿಮೆಯೇ?

ಮುಂದಿನ ಸಂಚಿಕೆಯಿಂದ ನಡುವಿನ ಎರಡು ಪುಟವನ್ನು ಜಿಲ್ಲೆಯ ಜನರ ಕಪ್ಪು-ಬಿಳುಪು ಚಿತ್ರಗಳಿಗೆ ಬಿಡುತ್ತಿದ್ದೇನೆ. ತೆಗೆಯುವ ಮುನ್ನ ಅವರ ಒಪ್ಪಿಗೆ ಕೇಳಿರಬೇಕು. ಮೇಷ್ಟ್ರ ಮಾತಿಗೆ ಬೆಲೆ ಕೊಟ್ಟು ಹಾಕಿದ ಷರತ್ತು ಇದು. ಮಂಜಿನ ಚಿತ್ರ ದಯವಿಟ್ಟು ಕಳಿಸಬೇಡಿ. ಮನೆಯ ಅಟ್ಟದಲ್ಲಿ ಸತ್ತವರ ಜೊತೆ ತೆಗೆಸಿದ ಹಳೆಯ ಫೋಟೋ ಇದ್ದರೆ ಅದನ್ನೂ ಕಳಿಸಿ, ಜೋಪಾನವಾಗಿ ಹಿಂದಿರುಗಿಸುತ್ತೇವೆ.

— ಸಂಪಾದಕ