ಕೇಳ್ರಿ ಹೇಳ್ತೀನಿ: ಕೊರೋನಾ ಹೋತು, ಋಣ ಉಳೀತು

ಕೊರೋನಾ ಟೈಮಿನಾಗ ಒಬ್ಬೊಬ್ರೇ ಖೋಲಿದಾಗ ಕುಂತಿದ್ರಲ್ಲ, ಅದ್ರಾಗಿಂದು ಇನ್ನಾ ಮನಸ್ಸಿನಾಗ ಏನು ಉಳಿದದ ಬರೀರಿ ಅಂತ ಹೋದ ಸಂಚಿಕೆದಾಗ ಕೇಳಿದ್ವಿ. ಕಲಬುರಗಿ, ಬೀದರ್, ಯಾದಗಿರಿ ಕಡಿಂದ ಭಾಳ ಪತ್ರ ಬಂದಾವ. ಬರಬೇಕಾದ್ದೇ ಬಿಡ್ರಿ, ದೇಶದಾಗ ಕೊರೋನಾಕ್ಕ ಮೊದಲು ತೀರಿಕೊಂಡವ್ರು ನಮ್ಮ ಕಲಬುರಗಿಯವ್ರೇ, 2020ರ ಮಾರ್ಚ್ 10ಕ್ಕ. ಅಂಜಿಕಿ ನಮ್ಮ ಕಡಿ ಎಲ್ಲಾರಿಗಿಂತ ಮೊದ್ಲು ಬಂತು. ಜಾಗ ಕಮ್ಮಿ ಅದ, ಅದಕ್ಕ ನಾಲ್ಕೇ ಪತ್ರ ತಗೊಂಡೀನಿ.

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. 2021ರ ಎರಡನೇ ಅಲೆದಾಗ ನನಗ ಪಾಸಿಟಿವ್ ಬಂದಿತ್ತು. ಮನ್ಯಾಗ ಅತ್ತಿ, ಮಾವ, ಸಣ್ಣ ಹುಡುಗ್ರು ಇದ್ದಾರಂತ ಮ್ಯಾಲಿನ ಖೋಲಿದಾಗ ನಾ ಒಬ್ಬಾಕೇ ಇದ್ದೆ, ಆಮ್ಯಾಲ ಕೆಳಗಿನವ್ರಿಗೂ ಜ್ವರ ಹತ್ತಿ ಅಡುಗಿ ಮಾಡೋರೇ ಇಲ್ದಂಗಾತು. ಬಾಜು ಮನಿ ಖಾಲಾ ರಮಜಾನಿನ ಉಪವಾಸ (ರೋಜಾ) ಇದ್ರು, ಆದ್ರೂ ದಿನಾ ರೊಟ್ಟಿ ಪಲ್ಯಾ ಮಾಡಿ ಡಬ್ಬಿ ತಂದು ಮೆಟ್ಟಲ ಮ್ಯಾಲ ಇಟ್ಟು "ಬೇಟಿ, ತಗೋ" ಅಂತ ಒದರಿ ಹೋಗ್ತಿದ್ರು. ಆ ಖೋಲಿದಾಗ ಎರಡೂ ಹೊತ್ತು ಲಿಂಗಪೂಜಾ ಮಾಡ್ದೆ, ಅಷ್ಟು ಮನಸ್ಸಿಟ್ಟು ಜಲ್ಮದಾಗ ಮಾಡಿದ್ದಿಲ್ಲ. ಆರಾಮಾದ ಮ್ಯಾಲ ಪೂಜಾನೂ ಬಿಟ್ಟುಹೋತು, ಖಾಲಾಗ ಒಂದು ಮಾತು ಹೇಳೋದೂ ಆಗ್ಲಿಲ್ಲ. ಯಾಕಂದ್ರ ಅದರ ಹಿಂದಿನ ವರ್ಷ ನಮ್ಮ ಮನ್ಯಾಗೇ ಅವರ ಮಂದಿ ಬಗ್ಗೆ ವಾಟ್ಸಾಪ್‌ದಾಗ ಬಂದಿದ್ದೆಲ್ಲಾ ಫಾರ್ವರ್ಡ್ ಮಾಡ್ತಿದ್ರು, ಯಾವ ಮಾರಿ ಇಟ್ಕೊಂಡು ಹೋಗ್ಲಿ? ಈಗ ಅವರು ಮಗನ ಕಡಿ ಹುಮನಾಬಾದಿಗೆ ಹೋಗ್ಯಾರ. ಅವರ ಹೆಸರು ಕೊರಸಿದ ಒಂದು ಡಬ್ಬಿ ನಮ್ಮ ಕಡೀನೇ ಉಳಿದದ. ನನ್ನದು ಖರೆ ಭಕ್ತಿನಾ, ಇಲ್ಲಾ ಬರೇ ಅಂಜಿಕಿನಾ?
(ಆಳಂದದ ಓದುಗರು)

ಉತ್ತರ: ಅಂಜಿಕಿನೇ ತಂಗಿ. ಅದ್ರಾಗ ತಪ್ಪೇನದ? ಆಕ್ಸಿಮೀಟರ್ ಬೆರಳಿಗೆ ಸಿಗಿಸ್ಕೊಂಡು 94 ಅದನೋ 93 ಆತೋ ಅಂತ ರಾತ್ರಿಯೆಲ್ಲಾ ನೋಡೋರಿಗೆ ಅಂಜಿಕಿ ಬರಲಾರ್ದೇ ಇರ್ತದೇನು. ಗುಡಿಗೆ ಹೋಗೋ ಮಂದ್ಯಾಗ ಅರ್ಧಕ್ಕರ್ಧ ಅಂಜಿಕಿಗೇ ಹೋಗ್ತಾರ, ಮಗನ ಪರೀಕ್ಷಾ, ಮಗಳ ಮದಿವಿ, ಹೊಲದ ಕೋರ್ಟ್ ಕೇಸು. ಅವರನ್ನ ಯಾರೂ ಇದು ಖರೆ ಭಕ್ತಿನಾ ಅಂತ ಕೇಳಲ್ಲ, ನೀವ್ಯಾಕ ನಿಮ್ಮನ್ನ ನೀವೇ ಕಟಕಟ್ಯಾಗ ನಿಲ್ಲಿಸ್ಕೊಂಡೀರಿ.

ಆ ದಿನಗಳದ್ದು ಒಂದು ನೆನಸ್ಕೊಳ್ರಿ. ಶರಣಬಸವೇಶ್ವರ ಗುಡಿ ಬಂದ್, ಬಂದೇನವಾಜ್ ದರ್ಗಾ ಬಂದ್, ಬೀದರಿನ ನಾನಕ್ ಝೀರಾ ಬಂದ್. 2020ರಾಗ ಬಂದಾಗಿದ್ದು ಜೂನ್ 8ರ ತನಕ ತೆಗಿಲಿಲ್ಲ, 2021ರಾಗ ಮತ್ತ ಅದೇ ಹಣೇಬರಾ. ದೊಡ್ಡ ದೊಡ್ಡ ಬಾಗಲಕ್ಕೆಲ್ಲಾ ಕೀಲಿ ಬಿದ್ದಾಗ ನಿಮ್ಮ ದೇವ್ರು ನಿಮ್ಮ ಎಡಗೈ ಅಂಗೈ ಮ್ಯಾಲೇ ಇದ್ದ. ಕಲ್ಯಾಣದ ಶರಣ್ರು ಲಿಂಗ ತಂದು ಕೈಯಾಗ ಕೊಟ್ಟಿದ್ದೇ ಅದಕ್ಕ, ನಡುವ ಪೂಜಾರಿ ಬ್ಯಾಡ, ಬಾಗಲಾ ಬ್ಯಾಡ ಅಂತ, ಅದು ಸಾಂಕ್ರಾಮಿಕ ರೋಗದಾಗ ಹಿಂಗ ಉಪಯೋಗಕ್ಕ ಬರ್ತದಂತ ಅವರೂ ಅಂದ್ಕೊಂಡಿರಲಿಕ್ಕಿಲ್ಲ. ಗ್ವಾಡಿ ಆಚಿಗೆ ಖಾಲಾನೂ ಮಸೂತಿ ಬಂದ್ ಅಂತ ಮನಿ ಮಂದಿ ಕೂಡ ರಮಜಾನಿನ ರಾತ್ರಿ ನಮಾಜು, ತರಾವೀಹ್, ಮನ್ಯಾಗೇ ಮಾಡಿರಬೇಕು. ಪೂಜಾ ಬಿಟ್ಟುಹೋತು ಅಂತೀರಿ, ಹೋಗ್ತದ, ಅಲ್ಲಿ ಬ್ಯಾರೆ ಕೆಲಸ ಇದ್ದಿಲ್ಲ, ಇಲ್ಲಿ ಅತ್ತಿ ಗುಳಗಿ, ಹುಡುಗ್ರ ಡಬ್ಬಿ, ಗ್ಯಾಸ್ ಬುಕಿಂಗ್ ಎಲ್ಲಾ ನಿಮ್ಮ ತಲಿ ಮ್ಯಾಲೇ. ಮನಸ್ಸಾದ್ರ ಸ್ನಾನ ಆದ ಮ್ಯಾಲ ಹತ್ತು ನಿಮಿಷ ಕೂಡ್ರಿ. ಅದಕ್ಕಿಂತ ಜಾಸ್ತಿ ಆ ವಿಷಯದಾಗ ನಾ ಹೇಳೋದು ಇಲ್ಲ.

ಆದ್ರ ನಿಮ್ಮ ಪತ್ರದಾಗಿನ ಖರೆ ಪ್ರಶ್ನೆ ಪೂಜಾದ್ದಲ್ಲ, ಡಬ್ಬಿದು. ಅದನ್ನ ಕಡೀಗೆ ಒಂದು ಸಾಲಿನಾಗ ಬರದು ಸರಿಸೀರಿ. ಆ ವರ್ಷ ರಮಜಾನ್ ಏಪ್ರಿಲ್ 14ಕ್ಕ ಸುರುವಾಗಿ ಮೇ 13ಕ್ಕ ಮುಗೀತು, ನಮ್ಮ ಕಡಿ ಅದು ಎಂಥಾ ಬ್ಯಾಸಗಿ ಅಂತ ನಿಮಗ ಹೇಳಬೇಕಾಗಿಲ್ಲ. ಹನಿ ನೀರು ಕುಡಿಲಾರ್ದ ಹೆಣ್ಮಗಳು ಒಲಿ ಮುಂದ ನಿಂತು ರೊಟ್ಟಿ ಬಡದಾಳ. ಪಲ್ಯಾಕ್ಕ ಉಪ್ಪು ಸರಿ ಅದನೋ ಇಲ್ಲೋ ಅಂತ ನಾಲಗಿಗೆ ಹಚ್ಚಿ ನೋಡಲಾರ್ದೇ ಕೈ ಅಂದಾಜಿನಾಗ ಹಾಕಿರಬೇಕು. ಆ ಪಲ್ಯಾ ನೀವು ಉಂಡೀರಿ, ನಿಮ್ಮ ಮನ್ಯಾಗ ಫಾರ್ವರ್ಡ್ ಮಾಡ್ತಿದ್ದವ್ರೂ ಉಂಡಾರ.

ನಾಚ್ಕಿ ಅಂದ್ರಿ. ಖಾಲಾ ಕೈಯಾಗೂ ಫೋನ್ ಇರ್ತದ ತಂಗಿ, ಓಣ್ಯಾಗ ಯಾರು ಏನು ಅಂತಾರ ಅನ್ನೋದು ಅವರ ಕಿವಿಗೂ ಬಿದ್ದಿರ್ತದ. ಎಲ್ಲಾ ಗೊತ್ತಿದ್ದೇ ಮೆಟ್ಟಲ ಹತ್ಯಾರ. ಅದಕ್ಕ ನೀವು ಹೋಗಿ ದೊಡ್ಡ ಭಾಷಣ ಮಾಡೋ ಜರೂರತ್ತಿಲ್ಲ, ಅತ್ತು ಕರದು ಅವರಿಗೂ ತ್ರಾಸ ಕೊಡಬ್ಯಾಡ್ರಿ. ಖಾಲಿ ಡಬ್ಬಿ ವಾಪಸ್ ಕೊಡಬಾರ್ದು ಅಂತ ನಿಮ್ಮ ಅತ್ತಿಗೂ ಗೊತ್ತದ. ಶೇಂಗಾದ ಹೋಳಿಗಿ ಮಾಡಿ ತುಂಬ್ರಿ, ದಾರ್ಯಾಗ ಕೆಡಲ್ಲ. ಫೋನ್ ಹಚ್ಚಿ "ಬರ್ಲಿ ಏನ್ರಿ" ಅಂತ ಕೇಳ್ಲಾಕ ಹೋಗಬ್ಯಾಡ್ರಿ, "ಯಾಕ ತ್ರಾಸ ತಗೋತಿ ಬೇಟಾ" ಅಂತಾರ, ನಿಮಗೂ ಅಷ್ಟೇ ಬೇಕಾಗಿರ್ತದ, ಅಲ್ಲಿಗೇ ಮುಗೀತು. ಸೀದಾ ಹುಮನಾಬಾದ್ ಬಸ್ ಹತ್ತ್ರಿ. ಬಸ್ಸೂ ನಮಗ ಫ್ರೀ ಅದ, ನೆಪಾ ಹೇಳ್ಲಾಕ ಜಾಗ ಇಲ್ಲ. ಮತ್ತ, ಫಾರ್ವರ್ಡ್ ಮಾಡಿದವ್ರನ್ನೂ ಕರ್ಕೊಂಡೇ ಹೋಗ್ರಿ.

ಪ್ರಶ್ನೆ: ಅಕ್ಕಾ, ನಾವು ಮುಂಬೈಗೆ ಬಿಲ್ಡಿಂಗ್ ಕೆಲಸಕ್ಕ ಗುಳೆ ಹೋದವ್ರು. 2020ರ ಮೇ ತಿಂಗಳದಾಗ ಹ್ಯಾಂಗೋ ಊರು ಮುಟ್ಟಿದ್ರ ದಾರಿಗೆ ಮುಳ್ಳುಕಂಟಿ ಹಚ್ಚಿ ನಿಂತಿದ್ರು, ನಮ್ಮ ಓಣಿ ಮಂದೀನೇ. ಸಾಲ್ಯಾಗ ಕ್ವಾರಂಟೈನ್ ಹಾಕಿದ್ರು, ಅಷ್ಟೂ ಮಂದಿಗೆ ಒಂದೇ ನಳ. ಈಗ ಎಲ್ಲಾರೂ ಕೊರೋನಾ ನಮಗ ಮನುಷ್ಯತ್ವ ಕಲಿಸ್ತು ಅಂತ ಸ್ಟೇಟಸ್ ಹಾಕ್ತಾರ, ನನಗ ಮೈ ಉರೀತದ. ಕೃತಜ್ಞತಾ ಇರಬೇಕು ಅಂತಾರ, ಯಾರಿಗೆ? ಒಳ್ಳೇದಂತ ನೆನಪಿರೋದು ಒಂದೇ, ಬಿಸಿಯೂಟದ ಅಡುಗಿ ಮಾಡೋ ಯಮ್ಮ ದಿನಾ ಮುಂಜಾನಿ ಗೇಟಿನ ಸಂದಿಯಿಂದ ನನ್ನ ಮಗಳಿಗೆ ಒಂದು ಗ್ಲಾಸ್ ಹಾಲು ಕೊಡ್ತಿದ್ಳು.
(ಶಹಾಪುರ ತಾಲೂಕಿನ ಓದುಗರು)

ಉತ್ತರ: ತಮ್ಮಾ, ಮುಳ್ಳುಕಂಟಿ ಹಚ್ಚಿದವ್ರಿಗೆ ನೀ ಯಾವ ಕೃತಜ್ಞತಾನೂ ಹೇಳಬೇಕಾಗಿಲ್ಲ. ಸ್ಟೇಟಸ್ ಹಾಕೋರು ಹಾಕ್ಲಿ. ನಮಗೇನೂ ಆಗ್ಲಿಲ್ಲ, ಅದಕ್ಕ ಎಲ್ಲಾ ಚಂದ ಇತ್ತು ಅನ್ನೋ ಮಂದಿ ಮಾತದು. ಮಾರ್ಚ್ 25ಕ್ಕ ಲಾಕ್‌ಡೌನ್ ಆದಾಗ ಮನ್ಯಾಗ ಇರ್ರಿ ಅಂದ್ರು, ಮನೀನೇ ಐನೂರು ಕಿಲೋಮೀಟರ್ ಆಚಿಗಿದ್ದವ್ರು ಎಲ್ಲಿರಬೇಕು ಅಂತ ಯಾರೂ ಹೇಳ್ಲಿಲ್ಲ. ಕೆಲಸ ನಿಂತು, ಕೂಲಿ ನಿಂತು, ಶ್ರಮಿಕ್ ರೈಲು ಸುರು ಆಗಿದ್ದೇ ಮೇ 1ಕ್ಕ.

ಊರವ್ರ ಕಡಿಂದ ಒಂದೇ ಮಾತು ಹೇಳ್ತೀನಿ, ವಕಾಲತ್ತು ಅಂತ ತಿಳೀಬ್ಯಾಡ. ಮೇ ಸುರುವಾದಾಗ ಯಾದಗಿರಿ ಇನ್ನಾ ಹಸಿರು ವಲಯದಾಗಿತ್ತು, ಹೊರಗಿನವ್ರು ಬಂದ್ರೇ ರೋಗ ಬರ್ತದ ಅಂತ ಟಿವ್ಯಾಗ ಮುಂಜಾನಿಂದ ಸಂಜಿ ತನಕ ಒದರ್ತಿದ್ರು. ಅದೇ ಮಾರ್ಚಿನಾಗ ಬೆಂಗಳೂರಿನವ್ರು ಕಲಬುರಗಿ ಅಂದ್ರ ಮಾರು ದೂರ ಸರೀತಿದ್ರು, ಆಮ್ಯಾಲ ನಾವೇ ಮುಂಬೈ ಅಂದ್ರ ಸರಿದ್ವಿ. ಹಿಂದಕ ಪ್ಲೇಗ್ ಬಂದಾಗ ಊರಿಗೆ ಊರೇ ಹೊಲದಾಗ ಗುಡಿಸಲು ಹಾಕ್ಕೊಂಡು ಇರ್ತಿತ್ತು ಅಂತ ಹಿರೇರು ಹೇಳ್ತಾರ, ಅವಾಗ ಎಲ್ಲಾರೂ ಕೂಡೇ ಹೊರಗ ಹೋಗ್ತಿದ್ರು. ಈ ಸಲ ಹೊರಗ ನಿಂತವ್ರು ನೀವಷ್ಟೇ. ಅದು ಮರಿಯೋ ಮಾತಲ್ಲ, ಮರೀಬೇಕಂತ ನಾ ಹೇಳೂದಿಲ್ಲ.

ಆದ್ರ ಆ ಯಮ್ಮನ್ನ ಈ ಸಿಟ್ಟಿನ ಗದ್ಲದಾಗ ಕಳ್ಕೋಬ್ಯಾಡ. ಸಾಲಿ ಬಂದ್ ಇದ್ದಾಗ ಆಕಿಗೂ ಕೆಲಸ ಇದ್ದಿಲ್ಲ, ಬಿಸಿಯೂಟದವ್ರಿಗೆ ಸಿಗೋ ರೊಕ್ಕ ಎಷ್ಟಂತ ಊರಿಗೇ ಗೊತ್ತದ, ಮುಟ್ಟಿದ್ರ ರೋಗ ಅಂತ ಊರೇ ಅಂದ್ಕೊಂಡಿದ್ದ ಟೈಮಿನಾಗ ಆಕಿ ಗ್ಲಾಸ್ ಕೈಲೆ ಕೊಟ್ಟಾಳ. ಊರಿಗೆ ಹೋದಾಗ ಮಗಳನ್ನ ಕರ್ಕೊಂಡು ಆಕಿ ಮನಿಗೆ ಹೋಗು, ಈಗ ಇಷ್ಟೆತ್ತರ ಆಗ್ಯಾಳ ನೋಡು ಅಂತ ತೋರ್ಸು. ಇಲ್ಕಲ್ ಸೀರಿ ಒಯ್ದ್ರ ಇನ್ನಾ ಚಲೋ. ಉಳಿದ ಊರವ್ರ ಬಾಗಲಕ್ಕ ಹೋಗೋದು ಬಿಡೋದು ನಿನಗ ಬಿಟ್ಟಿದ್ದು.

ಪ್ರಶ್ನೆ: ನಮ್ಮ ಅವ್ವ ಆಶಾ ಕಾರ್ಯಕರ್ತೆ. ಕೊರೋನಾದಾಗ ಮನಿ ಮನಿ ತಿರುಗ್ಯಾಳ, ಆಕಿನ್ನ ನೋಡಿ ಬಾಗಲಾ ಹಾಕ್ಕೊಂಡವ್ರೇ ಆಮ್ಯಾಲ ಕರದು ಶಾಲು ಹೊದಿಸ್ಯಾರ. ಗೌರವಧನ ಜಾಸ್ತಿ ಮಾಡ್ರಿ ಅಂತ ಹೋರಾಟಕ್ಕ ಹೋದ್ರ ಮಾತ್ರ "ಸೇವಾ ಮಾಡಿ ರೊಕ್ಕ ಕೇಳ್ತೀರೇನು" ಅಂತಾರ. ರೊಕ್ಕ ಕೇಳಿದ್ರ ಸೇವಾದ ಪುಣ್ಯ ಹೋಗ್ತದೇನ್ರಿ?
(ಔರಾದಿನ ಓದುಗರು)

ಉತ್ತರ: ಹೋಗಲ್ಲ. 2020ರ ಮಾರ್ಚ್ 22ಕ್ಕ ಸಂಜಿ ಐದಕ್ಕ ನಾವೆಲ್ಲಾ ತಾಟು ಬಡದ್ವಿ, ಜುಲೈದಾಗ ಇದೇ ಆಶಾದವ್ರು ತಿಂಗಳಿಗೆ 12,000 ರೂಪಾಯಿ ಕೊಡ್ರಿ, ಮೈಗೆ ಹಾಕ್ಕೊಳ್ಳೋ ರಕ್ಷಣಾ ಸಾಮಾನು ಕೊಡ್ರಿ ಅಂತ ಕೆಲಸ ನಿಲ್ಲಿಸಿ ಕುಂತಾಗ ಆ ತಾಟಿನ ಸಪ್ಪಳ ಎಲ್ಲೂ ಕೇಳಿಸ್ಲಿಲ್ಲ. ನಿಮ್ಮವ್ವನಂಥವ್ರು ಸರ್ವೇ ಮಾಡ್ಯಾರ, ಜ್ವರ ನೋಡ್ಯಾರ, ಹೋಮ್ ಕ್ವಾರಂಟೈನ್ ಇದ್ದವ್ರು ಮನ್ಯಾಗೇ ಹಾರೋ ಇಲ್ಲೋ ಅಂತ ದಿನಾ ಹೋಗಿ ನೋಡ್ಯಾರ, ಮಂದಿ ಕಡಿಂದ ಬೈಸ್ಕೊಂಡಾರ.

ಕಾಯಕವೇ ಕೈಲಾಸ ಅನ್ನೋ ಮಾತು ನಿಮ್ಮ ಬೀದರ್ ಜಿಲ್ಲಾದ್ದೇ, ಅದನ್ನ ಪಗಾರ ತಪ್ಪಿಸ್ಲಾಕ ಹೇಳೋರನ್ನ ಕಂಡ್ರ ನನಗ ಆಗಲ್ಲ. ಶರಣ್ರು ಕಾಯಕದ ಮ್ಯಾಲೇ ಹೊಟ್ಟಿ ಹೊರದು ಅದ್ರಾಗೇ ದಾಸೋಹ ಮಾಡಿದವ್ರು, ಬಿಟ್ಟಿ ದುಡೀರಿ ಅಂತ ಯಾರಿಗೂ ಹೇಳಿದವ್ರಲ್ಲ. ಶಾಲು ಕುದಿಸಿ ಸಾರು ಮಾಡ್ಲಾಕ ಬರಲ್ಲ. ನಿಮ್ಮವ್ವ ಮುಂದಿನ ಹೋರಾಟಕ್ಕ ಹೊಂಟ್ರ ಆವತ್ತು ಮನಿ ಅಡುಗಿ ನೀ ಮಾಡು, ಓಣಿ ಮಂದಿಗೂ ಅವರ ಬೇಡಿಕಿ ಏನಂತ ತಿಳಿಸಿ ಹೇಳು.

ಪ್ರಶ್ನೆ: ಅಕ್ಕಾರ, ಆಕ್ಸಿಜನ್ ಮ್ಯಾಲಿದ್ದಾಗ "ದತ್ತಾ, ಉಳಿಸಿದ್ರ ಕಲಬುರಗಿಂದ ಗಾಣಗಾಪುರಕ್ಕ ನಡಕೋಂತ ಬರ್ತೀನಿ" ಅಂತ ಹರಕಿ ಹೊತ್ತೆ. ಉಳಿದೀನಿ. ಆದ್ರ ಮೊಳಕಾಲು ಹೋಗ್ಯಾವ್ರಿ. ಆಟೋದಾಗ ಹೋಗಿ ಬರೋಣು ಅಂತಾಳ ಹೆಂಡ್ತಿ. ದೇವ್ರು ಸಿಟ್ಟಾಗ್ತಾನೇನ್ರಿ?
(ಕಲಬುರಗಿಯ ನಿವೃತ್ತ ನೌಕರರು)

ಉತ್ತರ: ಕಾಕಾ, ಹರಕಿ ಬದಲಿ ಮಾಡ್ಲಾಕ ಬರ್ತದೋ ಇಲ್ಲೋ ಅಲ್ಲಿನ ಪೂಜಾರಿಗಳನ್ನ ಕೇಳ್ರಿ, ಅದು ನನ್ನ ಕೆಲಸಲ್ಲ. ನನಗ ಗೊತ್ತಿದ್ದದ್ದು ಹೇಳ್ತೀನಿ. ಗಾಣಗಾಪುರದಾಗ ಮಧ್ಯಾಹ್ನ ಮಧುಕರಿ ಇರ್ತದ, ಬಂದ ಭಕ್ತರು ಐದು ಮನಿ ಭಿಕ್ಷಾ ಬೇಡ್ತಾರ, ಆ ಹೊತ್ತಿನಾಗ ದತ್ತ ಮಹಾರಾಜರೇ ಯಾವ್ದೋ ವೇಷದಾಗ ಭಿಕ್ಷಾಕ್ಕ ಬರ್ತಾರ ಅಂತ ನಂಬಿಕಿ. ಬೇಡೋರಿಗೆ ನೀಡೋರೂ ಬೇಕಲ್ಲ. ನಡಿಯೋದು ನಿಮ್ಮ ಒಬ್ಬರ ಕಾಲಿನ ತಾಪತ್ರಯ, ನೀಡಿದ್ರ ಹತ್ತು ಮಂದಿ ಹೊಟ್ಟಿ ತುಂಬ್ತದ. ನಿಂತು ನೀಡ್ಲಾಕೂ ಆಗಲ್ಲ ಅಂದ್ರ ಕುರ್ಚಿ ಹಾಕ್ಕೊಂಡು ನೀಡ್ರಿ, ಯಾರೂ ಏನೂ ಅನ್ನಲ್ಲ.

ನೀವು ಒಳಗ ಮಾಸ್ಕ್ ಹಾಕ್ಕೊಂಡು ಮಲಗಿದ್ದಾಗ ಆಸ್ಪತ್ರಿ ಹೊರಗ ಫುಟ್‌ಪಾತ್ ಮ್ಯಾಲ ಯಾರು ಕುಂತಿದ್ರು ಅನ್ನೋದು ನಿಮ್ಮ ಪತ್ರದಾಗ ಎಲ್ಲೂ ಇಲ್ಲ, ಕಾಕೂನೇ ಇರಬೇಕಂತ ನನ್ನ ಅಂದಾಜು. ಹಂಗಿದ್ರ ಈ ವಿಷಯದಾಗ ಅವರ ಮಾತೇ ಕೇಳ್ರಿ. ರೈಲಿನಾಗ ಹೋದ್ರ ಸ್ಟೇಷನ್ನಿಂದ ಊರು ಇನ್ನಾ 20 ಕಿಲೋಮೀಟರ್ ಹತ್ರ ಆಗ್ತದ, ಅದಕ್ಕ ಬಸ್ಸೋ ಆಟೋನೋ ಮನಿಂದನೇ ಮಾಡ್ರಿ. ಆಟೋ ಆದ್ರ ಬಾಡಿಗಿ ಹತ್ತೂಕಿಂತ ಮೊದ್ಲೇ ಮಾತಾಡ್ಕೊಳ್ರಿ.