ಬೆಕ್ಕಿನ ಹೆಜ್ಜೆಗೆ ಬ್ರಹ್ಮಾಂಡ ಕಟ್ಟಬೇಡಿ

ನಮಸ್ಕಾರ. ಲಿಥುವೇನಿಯಾದ ಹೆಂಗಸರು ನೇಯುವ ನಡುಪಟ್ಟಿಗಳ ಚಿತ್ತಾರ ಒಂದು ‘ಗುಟ್ಟು ಭಾಷೆ’ ಎನ್ನುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ.

ನಿಮ್ಮ ವಾದ ಇಷ್ಟು: ಅಲ್ಲಿನ ಪಟ್ಟಿಗಳಲ್ಲೂ ನಮ್ಮ ಕಸೂತಿಯಲ್ಲೂ ಒಂದೇ ತರಹದ ವಜ್ರಾಕೃತಿ, ನಕ್ಷತ್ರ ಇವೆ, ಅವರ ‘ದಿಯೆವಾಸ್’ ನಮ್ಮ ದೇವ, ‘ಉಗ್ನಿಸ್’ ನಮ್ಮ ಅಗ್ನಿ, ಹಾಗಾಗಿ ಎಲ್ಲದರ ಬೇರು ಒಂದೇ. ಪದಗಳ ನಂಟು ನಿಜ. ಆದರೆ ಅದು ಸಂಸ್ಕೃತದ ಜೊತೆಗಿನ ನಂಟು. ಧಾರವಾಡದಲ್ಲಿ ಕಸೂತಿ ಹಾಕುವ ಅಜ್ಜಿಯ ಮಾತು ಬೇರೆಯೇ ಮನೆತನದ್ದು, ಅಲ್ವಾ?

ದೊಡ್ಡ ಕೊರತೆ ಏನೆಂದರೆ, ನೇಯ್ಗೆಯ ಲೇಖನದಲ್ಲಿ ನೇಯುವವರ ಕೈಯೇ ಇಲ್ಲ. ‘ರಿಂಕ್ತಿನೆ’ ಎನ್ನುವ ಬಗೆಯ ಪಟ್ಟಿಯ ಹೆಸರಲ್ಲೇ ‘ಆರಿಸುವುದು’ ಎಂಬ ಅರ್ಥ ಇದೆ. ಅಗಸೆ ನಾರಿನ ಬಿಳಿ ಹಾಸಿನ ನಡುವೆ ಬಣ್ಣದ ಉಣ್ಣೆ ಎಳೆಗಳಿರುತ್ತವೆ. ಪ್ರತಿ ಸಾಲಿಗೂ ಬೇಕಾದ ಎಳೆಗಳನ್ನು ಬೆರಳಲ್ಲಿ ಆರಿಸಿ ಎತ್ತಿ, ಹೊಕ್ಕು, ಅಂದರೆ ಅಡ್ಡ ಎಳೆ, ಹಾಯಿಸುತ್ತಾರೆ. ಎಳೆ ಎಣಿಸುವ ಕೆಲಸದಲ್ಲಿ ದುಂಡನೆಯ ಗೆರೆ ತರುವುದು ಕಷ್ಟ. ಸಾಲಿಗೊಂದು ಎಳೆ ಪಕ್ಕಕ್ಕೆ ಸರಿದರೆ ಓರೆ ಗೆರೆ. ಅದು ಹಿಂದಕ್ಕೆ ತಿರುಗಿದರೆ ವಜ್ರ. ಎಂಟು ವಜ್ರ ಕೂಡಿದರೆ ನಕ್ಷತ್ರ. ಟರ್ಕಿಯ ಅನಟೋಲಿಯಾದ ಕಿಲಿಮ್ ಎಂಬ ನೇಯ್ದ ಜಮಖಾನಗಳಲ್ಲೂ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಬಟ್ಟೆಯಲ್ಲೂ ಇದೇ ನಕ್ಷತ್ರ ಇದೆ. ಅದಕ್ಕೆ ಯಾರೂ ಯಾರಿಂದಲೂ ಕಲಿಯಬೇಕಾಗಿಲ್ಲ. ಅಂದಹಾಗೆ, ಮೂರು ಕಡೆ ‘ನೇಯ್ದ ಕಸೂತಿ’ ಎಂದಿದ್ದೀರಿ. ಕಸೂತಿ ಹೊಲಿಗೆ, ನೇಯ್ಗೆಯಲ್ಲ. ಆದರೆ ಅದನ್ನೂ ಎಳೆ ಎಣಿಸಿಯೇ ಹಾಕುತ್ತಾರೆ. ಹೋಲಿಕೆ ಬೇಕಿದ್ದರೆ ಅಲ್ಲಿ ಹುಡುಕಿ.

ಇನ್ನು ಅರ್ಥದ ಮಾತು. ಈ ಚಿತ್ತಾರಗಳಿಗೆ ನೇಯುವವರೇ ಇಟ್ಟ ಹೆಸರುಗಳಿವೆ: ಹುಲ್ಲು ಎಳೆಯುವ ಹಲುಬೆ, ಬೆಕ್ಕಿನ ಹೆಜ್ಜೆ, ಕ್ಲೋವರ್ ಎಂಬ ಮೇವಿನ ಗಿಡದ ಎಲೆ. ನೀವು ಇವನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸಿ, ‘ಬ್ರಹ್ಮಾಂಡದ ಶಕ್ತಿ’ಗೆ ಎರಡು ಪುಟ ಕೊಟ್ಟಿದ್ದೀರಿ. ನನಗಂತೂ ಬೆಕ್ಕೇ ಜಾಸ್ತಿ ಇಷ್ಟವಾಯಿತು.

ಪುರಾತತ್ವಜ್ಞೆ ಮರಿಯಾ ಗಿಂಬುಟಾಸ್ ಅವರನ್ನು ಆಧಾರವಾಗಿ ತಂದಿದ್ದೀರಿ. 1958ರಲ್ಲಿ ಅವರು ಲಿಥುವೇನಿಯಾದ ಜನಪದ ಕಲೆಯ ಹಳೆಯ ಸಂಕೇತಗಳ ಬಗ್ಗೆ ಬರೆದಾಗ ಕಣ್ಣಿದ್ದದ್ದು ಹೆಚ್ಚಾಗಿ ಮರದ ಕೆತ್ತನೆಯ ಮೇಲೆ. ಅದನ್ನು ಹಾಗೇ ಬಟ್ಟೆಗೆ ಹೊದಿಸುವುದು ಸರಿಯಲ್ಲ. ಈ ಸಂಕೇತಗಳು ಕ್ರೈಸ್ತ ಮತಕ್ಕೂ ಹಿಂದಿನವು ಎನ್ನುವುದಾದರೆ, ಲಿಥುವೇನಿಯಾ ಕ್ರೈಸ್ತ ಮತಕ್ಕೆ ಸೇರಿದ್ದು 1387ರಲ್ಲಿ. ನೀವು ಚಿತ್ರ ಕಳಿಸಿದ ಪಟ್ಟಿಗಳು 19ನೇ ಶತಮಾನದವು. ನಡುವಿನ ನಾನೂರಕ್ಕೂ ಹೆಚ್ಚು ವರ್ಷಗಳನ್ನು ‘ಅಂದಿನಿಂದ ಇಂದಿನವರೆಗೆ’ ಎಂದು ದಾಟಿಬಿಟ್ಟಿದ್ದೀರಿ.

ಲೇಖನದ ಜೀವ ಇರುವುದು ಏಳನೇ ಪುಟದಲ್ಲಿ. ಮದುಮಗಳು ಗಂಡನ ಮನೆಯವರಿಗೆ ಪಟ್ಟಿ ಹಂಚುವುದು, ಎಳೆಗೂಸಿಗೆ ಬಟ್ಟೆ ಸುತ್ತಿ ಪಟ್ಟಿ ಬಿಗಿಯುವುದು, ಶವಪೆಟ್ಟಿಗೆಯನ್ನು ಪಟ್ಟಿಯ ಮೇಲೆ ಗುಂಡಿಗೆ ಇಳಿಸುವುದು. ಅಲ್ಲಿಂದಲೇ ಶುರು ಮಾಡಿ. ಸಂಕೇತ ಬೇಕೆಂದರೆ ಇದಕ್ಕಿಂತ ಇನ್ನೇನು ಬೇಕು? ಲಿಥುವೇನಿಯಾದ ಕರಾವಳಿಯ ಕ್ಲೈಪೆಡಾ ಕಡೆಯ ಪಟ್ಟಿಗಳನ್ನೂ ನೋಡಿ. ಅವುಗಳಲ್ಲಿ ಹೆಸರು, ವರ್ಷ, ಪದ್ಯದ ಸಾಲುಗಳನ್ನೇ ನೇಯ್ದಿದ್ದಾರೆ. ಹೇಳಬೇಕಾದ್ದನ್ನು ಅಕ್ಷರದಲ್ಲೇ ನೇಯ್ದ ಹೆಂಗಸರು ಅವರು. ನಿಮ್ಮ ‘ಗುಟ್ಟು ಭಾಷೆ’ ಅವರಿಗೆ ಏನು ಜವಾಬು ಕೊಡುತ್ತದೆ?

ಅರ್ಧಕ್ಕೆ ಇಳಿಸಿ ಕಳಿಸಿದರೆ ಖಂಡಿತ ಓದುತ್ತೇನೆ. ಪಟ್ಟಿಯ ಹಿಂಬದಿಯ ಫೋಟೊ ಕೂಡ ಒಂದಿರಲಿ. ಎಳೆ ಹೇಗೆ ಓಡಿದೆ ಎಂದು ಓದುಗರಿಗೆ ಅಲ್ಲಿ ಕಾಣುತ್ತದೆ.